ಜಗಲಿಯ ಮೇಲಿನವರಿಗೆ ನೀರು

ನಮ್ಮೂರಿನಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಯ ಹತ್ತಿರ ಮೊದಲು ಮಾತಾಡುವುದು ದೇವರ ಮನೆಯ ದಿಕ್ಕಿನ ಬಗ್ಗೆ ಅಲ್ಲ, ಅಡುಗೆಮನೆಯ ಕಟ್ಟೆಯ ಬಗ್ಗೆಯೂ ಅಲ್ಲ, ಜಗಲಿ ಎಷ್ಟು ಉದ್ದ ಬೇಕು ಅನ್ನುವುದರ ಬಗ್ಗೆ. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ಮೇಸ್ತ್ರಿ ತಾನೇ ಇನ್ನೊಂದಷ್ಟು ಉದ್ದ ಎಳೆದುಬಿಡುತ್ತಾನೆ. ಮಕ್ಕಳು ಮೊಬೈಲಿನಲ್ಲೋ ಟೀವಿಯಲ್ಲೋ ಆಟ ಆಡುತ್ತಾ ಯಾರ್ಯಾರನ್ನು ಕೆಡವುತ್ತಾರೋ ಅವರೆಲ್ಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಗೇ ಬರುತ್ತಾರಲ್ಲ, ಕೂರುವುದಕ್ಕೆ ಜಾಗ ಬೇಡವೇ?

ಬರುವವರು ಯಾರಿಗೂ ತೊಂದರೆ ಕೊಟ್ಟವರಲ್ಲ. ಹಿಟ್ಟಿನ ಗಿರಣಿಯ ಕಡೆಯಿಂದ ಸಾಲಾಗಿ, ಧೂಳಿನ ಜೊತೆಗೇ ನಡೆದು ಬರುತ್ತಾರೆ. ಹೆಲ್ಮೆಟ್ ಹಾಕಿದ ಸಿಪಾಯಿಗಳು, ಅಂಗಿ ಹರಿದ ದರೋಡೆಕೋರರು, ಮೈಯೆಲ್ಲ ಹಸಿರಾದವರು, ಬಾಲ ಇರುವ ಹೆಂಗಸರು. ಪುಕ್ಕಟೆ ಆಟಗಳಿಂದ ಬರುವವರಿಗೆ ಮುಖವೇ ಸರಿಯಾಗಿರುವುದಿಲ್ಲ, ಮೂಗಿನ ಜಾಗದಲ್ಲಿ ಬರೀ ಒಂದು ಗೆರೆ ಇರುತ್ತದೆ, ಪಾಪ. ಎಲ್ಲರೂ ದೂರದ ಬಸ್ಸಿನಲ್ಲಿ ನಿಂತುಕೊಂಡೇ ಬಂದವರ ಹಾಗೆ ಸುಸ್ತಾಗಿರುತ್ತಾರೆ. ಚಪ್ಪಲಿ ಬಿಡುವ ಜಾಗದಲ್ಲಿ ಬಂದೂಕು ಇಟ್ಟು, ಗೋಡೆಗೆ ಒರಗಿ ಕೂತು, ಮಾತಿಲ್ಲದೆ ಬೊಗಸೆ ಒಡ್ಡುತ್ತಾರೆ. ಕೆಡವಿದ ಮಗು ಚೊಂಬಿನಲ್ಲಿ ನೀರು ತಂದು ತನ್ನ ಕೈಯಾರೆ ಆ ಬೊಗಸೆಗೆ ಹಾಕಬೇಕು. ಕುಡಿದು, ಬಾಯಿ ಒರೆಸಿಕೊಂಡು, ತಮ್ಮ ತಮ್ಮ ಬಂದೂಕು ಹುಡುಕಿಕೊಂಡು ಎದ್ದು ಹೊರಡುತ್ತಾರೆ. ಗಿರಣಿ ದಾಟುವಷ್ಟರಲ್ಲಿ ಯಾರೂ ಇರುವುದಿಲ್ಲ.

ಇದು ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಬೇರೆ ಊರುಗಳಲ್ಲಿ ಅವರೆಲ್ಲ ಎಲ್ಲಿಗೆ ಹೋಗುತ್ತಾರೆ ಅಂತ ನಾನೂ ನಿಮ್ಮನ್ನು ಕೇಳುವುದಿಲ್ಲ. ನನ್ನ ಮಗ ಚಿಕ್ಕವನಿದ್ದಾಗ ಬಸ್ ಸ್ಟ್ಯಾಂಡಿನ ಪಕ್ಕದ ವಿಡಿಯೋ ಪಾರ್ಲರಿನಲ್ಲಿ ಆಡಿ ಬರುತ್ತಿದ್ದ. ಆಗ ಬರುತ್ತಿದ್ದವರು ಚೌಕ ಚೌಕವಾದ ಸಣ್ಣ ಜನ, ಮೊಣಕಾಲೆತ್ತರ, ನಡೆದರೆ ಟಿಕ್ ಟಿಕ್ ಅನ್ನುತ್ತಿದ್ದರು. ಒಂದು ಲೋಟ ನೀರಿನಲ್ಲಿ ಎಲ್ಲರ ಬಾಯಾರಿಕೆಯೂ ತೀರುತ್ತಿತ್ತು. ಈಗಿನವರಿಗೆ ಬೆವರು ಬರುತ್ತದೆ, ಕೆಮ್ಮು ಬರುತ್ತದೆ. ಊರೂ ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡಿದೆ. ಬೇಸಿಗೆ ರಜೆ ಬಂತೆಂದರೆ ಪುರಸಭೆಯವರು ಸಂಜೆ ಇನ್ನೊಂದು ಸಲ ನಲ್ಲಿ ಬಿಡುತ್ತಾರೆ. ಗಂಡಿನ ಮನೆ ನೋಡಲು ಹೋಗುವವರು ಬೇಕೆಂದೇ ದೀಪ ಹಚ್ಚುವ ಹೊತ್ತಿಗೆ ಹೋಗಿ, ಕಾಫಿ ಕುಡಿಯುತ್ತಾ ಓರೆಗಣ್ಣಿನಿಂದ ಜಗಲಿ ನೋಡಿ ಬರುತ್ತಾರೆ. ಆಟ ಆಡುವುದೇ ತಪ್ಪು ಅಂತ ಹೇಳುವವಳು ನಾನಲ್ಲ. ಮಧ್ಯಾಹ್ನವೆಲ್ಲ ಢಂ ಢಂ ಅಂತ ಆಡಿ, ಸಂಜೆ ಚೊಂಬು ಹಿಡಿದುಕೊಂಡು ಅವರ ಪಕ್ಕದಲ್ಲೇ ಕೂತು ಹರಟೆ ಹೊಡೆಯುವ ಮಕ್ಕಳು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದಾರೆ. ಅವರೆಲ್ಲ ಚೆನ್ನಾಗಿಯೇ ಇದ್ದಾರೆ.

ನಾನು ಹೇಳಹೊರಟಿದ್ದು ಎದುರುಮನೆಯ ಕುಮುದಳ ವಿಷಯ. ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಗಂಡ ವಾಮನ ಲಾರಿ ಓಡಿಸುವವನು, ಬಂದಾಗ ಬಂದ, ಇಲ್ಲದಿದ್ದಾಗ ಇಲ್ಲ. ಮಗ ಸುಮುಖ ಒಂಬತ್ತನೇ ಕ್ಲಾಸು, ಮಗಳು ಬೆಳ್ಳಿ ಎರಡನೇ ಕ್ಲಾಸು. ಅಣ್ಣ ಆಡುವಾಗ ಬೆಳ್ಳಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಆಗಾಗ ಕತ್ತು ತಿರುಗಿಸಿ ಪರದೆ ನೋಡುತ್ತಾ, "ಅಣ್ಣಾ, ಹಿಂದೆ!" ಅಂತ ಕೂಗುತ್ತಿದ್ದಳು. ಅವಳು ಕೂಗಿದ್ದೇ ತಡ, ಅವನು ತಿರುಗಿ ಹೊಡೆಯುತ್ತಿದ್ದ. ನನ್ನ ಮನೆಯವರೆಗೂ ಕೇಳಿಸುತ್ತಿತ್ತು ಆ ಕೂಗು. ಸಂಜೆ ಅವನದೊಂದು ಚೊಂಬು, ಅವಳದೊಂದು ಚೊಂಬು. ಅವನದು ಖಾಲಿಯಾದ ಕೂಡಲೇ ಇವಳು ತುಂಬಿದ್ದನ್ನು ಕೊಡುವುದು. "ತುಂಬಾ ನೋವಾಯ್ತಾ?" ಅಂತ ಸುಮುಖ ಸಿಪಾಯಿಗಳನ್ನು ಕೇಳುತ್ತಿದ್ದ. ಎಷ್ಟು ಮೃದುವಾದ ಹುಡುಗ ಅಂದುಕೊಂಡಿದ್ದೆ ನಾನು.

ಆಮೇಲೆ ಹೊಸ ಮೊಬೈಲ್ ಬಂತು, ದೊಡ್ಡ ಆಟಗಳು ಬಂದವು, ಬರುವವರ ಸಾಲು ಗಿರಣಿಯವರೆಗೂ ಬೆಳೆಯಿತು. ಸುಮುಖನಿಗೆ ಬೇಜಾರು. ನಾಳೆ ಟೆಸ್ಟ್ ಇದೆ ಅಂದ, ಕೈನೋವು ಅಂದ. ಹೆತ್ತ ಕರುಳು ಕೇಳಬೇಕಲ್ಲ, ಕುಮುದ ತಾನೇ ಚೊಂಬು ಹಿಡಿದಳು. ಒಂದು ದಿನದ ಮಟ್ಟಿಗೆ ಹಾಗೆ ಮಾಡದ ತಾಯಿ ನಮ್ಮೂರಿನಲ್ಲಿ ಇಲ್ಲ. ತಾಯಿ ಕೊಟ್ಟ ನೀರನ್ನು ಅವರು ಬೇಡ ಅನ್ನುವುದಿಲ್ಲ, ಕುಡಿಯುತ್ತಾರೆ, ತಲೆಬಾಗುತ್ತಾರೆ, ಆದರೆ ಏಳುವುದಿಲ್ಲ. ಮರುದಿನ ಮಗು ಬಂದು ಕೊಟ್ಟರೆ ಎದ್ದು ಹೋಗುತ್ತಾರೆ. ಕುಮುದ ಮರುದಿನವೂ ತಾನೇ ಕೊಟ್ಟಳು. ಅದರ ಮರುದಿನವೂ. ಪರೀಕ್ಷೆ ಮುಗಿಯಲಿ, ಆಮೇಲೆ ಅವನೇ ಕೊಡುತ್ತಾನೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪರೀಕ್ಷೆ ಮುಗಿಯಿತು, ಇನ್ನೊಂದು ಪರೀಕ್ಷೆ ಬಂತು. ಜಗಲಿ ತುಂಬಿತು. ಹಳಬರನ್ನು ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿದಳು, ಹಿತ್ತಲೂ ತುಂಬಿದ ಮೇಲೆ ತಾರಸಿಗೆ ಹತ್ತಿಸಿದಳು. ಬೀದಿಯವರ ಕಣ್ಣಿಗೆ ಮಣ್ಣೆರಚಲು ಜಗಲಿಗೆ ಅಡ್ಡಲಾಗಿ ಹಳೇ ಬೆಡ್‌ಶೀಟ್ ಬೇರೆ ಕಟ್ಟಿದಳು. ಎದುರಿನಲ್ಲೇ ಇರುವ ನನ್ನ ಕಣ್ಣಿಗೆ! ಬೆಡ್‌ಶೀಟಿನ ಕೆಳಗೆ ಸಾಲಾಗಿ ಬೂಟುಗಾಲುಗಳು ಕಾಣುತ್ತಿದ್ದವು.

ಹೀಗಿರುವಾಗ ಸುಮುಖನಿಗೆ ಅವರು ಕಾಣಿಸುವುದು ನಿಂತುಹೋಯಿತು. ಮೊದಲು ನನಗೆ ಗೊತ್ತಾಗಿದ್ದು ಅವನು ಸ್ಕೂಲಿನಿಂದ ಬಂದ ರೀತಿಯಿಂದ. ಜಗಲಿ ಹತ್ತಿದವನು ಒಬ್ಬ ಮುದುಕ ದರೋಡೆಕೋರನ ಪಾದದ ಮೇಲೆ ಕಾಲಿಟ್ಟು, ಇನ್ನೊಬ್ಬಳ ಬಾಲ ತುಳಿದು, ಹಾಗೇ ಒಳಗೆ ಹೋದ. ಬೇಕೆಂದು ಮಾಡಿದ್ದಲ್ಲ, ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಖಾಲಿ ಜಗಲಿಯ ಮೇಲೆ ನಡೆಯುವವರ ಹಾಗೆ ನಡೆದ. ಅವರು ಪಾಪ ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು. ಮೂಲೆಮನೆಯ ಇಂದುಧರನದೂ ಹೀಗೆಯೇ ಶುರುವಾಗಿದ್ದು.

ಇಂದುಧರ ಈಗ ಮೀಸೆ ಬಂದ ಗಂಡಸು. ಅವನ ತಾಯಿಯೂ ಅವನ ಬದಲು ತಾನೇ ನೀರು ಕೊಟ್ಟು ಕೊಟ್ಟು ಬೆಳೆಸಿದವಳು. ಜಗಲಿಯವರು ಕಾಣದಾದ ಮೇಲೆ ಅವನಿಗೆ ಹಾಲಿನವಳು ಕಾಣಲಿಲ್ಲ, ಆಮೇಲೆ ಜೊತೆಯ ಹುಡುಗರು ಕಾಣಲಿಲ್ಲ, ಆಮೇಲೆ ಮನೆಯವರು. ಈಗ ಸಂತೆಯಲ್ಲಿ ಅವನು ಬಯಲಿನಲ್ಲಿ ಒಬ್ಬನೇ ಹೋಗುವವನ ಹಾಗೆ ಹೋಗುತ್ತಾನೆ, ಜನ ತಾವೇ ಸರಿದು ದಾರಿ ಬಿಡುತ್ತಾರೆ. ತಟ್ಟೆಯಲ್ಲಿ ಅನ್ನ ಇದ್ದರೆ ಉಣ್ಣುತ್ತಾನೆ, ಬಡಿಸಿದವರು ಯಾರು ಅಂತ ತಲೆ ಎತ್ತಿ ನೋಡುವುದಿಲ್ಲ. ಅವನ ತಾಯಿ ಪ್ರತಿ ದೀಪಾವಳಿಗೂ ಹೊಸ ಸೀರೆ ಉಟ್ಟು ಅವನ ಮುಂದೆ ಹೋಗಿ ನಿಲ್ಲುತ್ತಾಳೆ. ಅದನ್ನು ನೋಡಿದವರಿಗೆ ಆ ದಿನ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಸುಮ್ಮನಿರುವ ಪೈಕಿಯಲ್ಲ. ನೇರವಾಗಿ ಹೋಗಿ ಕುಮುದಳಿಗೆ ಹೇಳಿದೆ, ಚೊಂಬು ಅವನ ಕೈಗೆ ಕೊಡು, ನೀನು ದೂರ ನಿಲ್ಲು ಅಂತ. ಅವಳಿಗೆ ಉರಿದುಹೋಯಿತು. ನಿಮಗೆ ಎದುರುಮನೆಯ ಜಗಲಿ ನೋಡುವುದು ಬಿಟ್ಟು ಬೇರೆ ಕೆಲಸ ಇಲ್ಲವೇ ಅಂದಳು. ಅಲ್ಲಿಂದ ನನಗೆ ಅವಳ ಮನೆಯ ಸಾರು ಬರುವುದು ನಿಂತಿತು. ಅವಳ ಸಾರಿಗೆ ಹುಳಿ ಯಾವಾಗಲೂ ಜಾಸ್ತಿ, ಅದಿರಲಿ. ಆಮೇಲೆ ವಾಮನ ಲಾರಿ ನಿಲ್ಲಿಸಿ ಬಂದವನು ಮಗನ ಮೊಬೈಲ್ ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಹೊಸಬರು ಬರುವುದು ನಿಂತಿತು, ನಿಜ. ಆದರೆ ಇದ್ದವರು ಇದ್ದಲ್ಲೇ ಇದ್ದರು. ಸುಮುಖ ಬರಿಗೈಯಲ್ಲಿ ಮೂಲೆಯಲ್ಲಿ ಕೂತು ಹೆಬ್ಬೆರಳುಗಳನ್ನು ಆಡಿಸುತ್ತಿದ್ದ, ಕಣ್ಣು ಎಲ್ಲೋ. ವಾಮನ ಮತ್ತೆ ಲಾರಿ ಹತ್ತಿದ ಮೇಲೆ ಕುಮುದಳೇ ಬೀಗ ತೆಗೆದು ಮೊಬೈಲ್ ಕೊಟ್ಟಳು. ಹಾಗೆ ಕೂತಿರುವುದನ್ನು ನೋಡುವುದಕ್ಕಿಂತ ಇದೇ ವಾಸಿ ಅನ್ನಿಸಿತಂತೆ ಅವಳಿಗೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಸುಮುಖನಿಗೆ ಬೆಳ್ಳಿ ಕಾಣಿಸುವುದು ನಿಂತಿತು. ಒಂದೇ ಸಲಕ್ಕೆ ಅಲ್ಲ. ಮೊದಲು ಅವಳ ಕೂಗು ಅವನ ಕಿವಿಗೆ ಬೀಳಲಿಲ್ಲ. "ಅಣ್ಣಾ, ಹಿಂದೆ!" ಅಂತ ಅವಳು ಕೂಗುವುದು, ಅವನು ತಿರುಗದೆ ಆಟದಲ್ಲಿ ಸಾಯುವುದು, ಸಿಡುಕುವುದು. ಆಮೇಲೆ ಅವಳು ಎದುರು ನಿಂತರೆ ಕಂಬ ತಪ್ಪಿಸಿಕೊಂಡು ಹೋಗುವವರ ಹಾಗೆ ಪಕ್ಕಕ್ಕೆ ಸರಿದು ಹೋಗತೊಡಗಿದ. ಆ ಮಗು ಏನೇನು ಮಾಡಲಿಲ್ಲ! ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಓಡಾಡಿತು, ಅವನದೇ ಅಂಗಿ ಹಾಕಿಕೊಂಡಿತು, ಅವನ ತಟ್ಟೆಯಿಂದ ಹಪ್ಪಳ ಕದ್ದಿತು. ಹಪ್ಪಳ ಎಲ್ಲಿ ಹೋಯಿತು ಅಂತ ಅವನು ಹುಡುಕಲೂ ಇಲ್ಲ. ಬೆಳ್ಳಿ ಅಜ್ಜಿಯ ಊರಿಗೆ ಹೋಗಿದ್ದಾಳೆ ಅಂತ ಅವನು ತಿಳಿದಿದ್ದ. ಹಾಗಂತ ಯಾರೂ ಹೇಳಿರಲಿಲ್ಲ, ಅವನೇ ಅಂದುಕೊಂಡಿದ್ದು. ಕುಮುದ ಅಲ್ಲ ಅನ್ನಲಿಲ್ಲ. ಅಲ್ಲ ಅಂದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕುಮುದ ಒಲೆಯ ಮುಂದೆ ದೋಸೆ ಹುಯ್ಯುತ್ತಾ ನಿಂತಿದ್ದಾಗ ಸುಮುಖ ಅವಳ ಪಕ್ಕದಲ್ಲೇ ಬಂದು ನಿಂತು, "ಅಮ್ಮಾ, ಎಲ್ಲಿದ್ದೀಯ?" ಅಂತ ಕರೆದನಂತೆ. ಅವಳು ಅವನ ಭುಜ ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿದ ಮೇಲೆ, "ಓ, ಇಲ್ಲೇ ಇದ್ದೀಯಾ" ಅಂದನಂತೆ. ಕಾವಲಿಯ ಮೇಲೆ ದೋಸೆ ಸೀದು ಕರಿಯಾಗುವವರೆಗೂ ಕುಮುದ ಅಲ್ಲಾಡಲಿಲ್ಲ. ಬೆಳ್ಳಿ ಇದನ್ನೆಲ್ಲ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಏನು ಅನ್ನಿಸಿತೋ ಆ ಕೂಸಿಗೆ, ತಿಂಡಿಯನ್ನೂ ತಿನ್ನದೆ ಹೊರಗೆ ಬಂದಳು. ಚಿಟ್ಟೆಯ ಚಿತ್ರ ಇರುವ ತನ್ನ ಚಪ್ಪಲಿಯನ್ನು ಬಂದೂಕುಗಳ ನಡುವೆ ನೀಟಾಗಿ ಬಿಟ್ಟು, ಜಗಲಿಯ ಸಾಲಿನ ಕಟ್ಟಕಡೆಯಲ್ಲಿ, ಒಬ್ಬ ಸಿಪಾಯಿಗೂ ಗೋಡೆಗೂ ನಡುವೆ ಕೂತು ಬೊಗಸೆ ಒಡ್ಡಿದಳು.

ಕುಮುದ ಕರೆದಳು, ಬೈದಳು, ಕೊನೆಗೆ ಹಾಲಿನ ಲೋಟ ತಂದು ಬಾಯಿಗೆ ಹಿಡಿದಳು. ಬೆಳ್ಳಿ ತುಟಿ ಬಿಗಿಹಿಡಿದು ತಲೆ ಆಡಿಸಿದಳು. ಅಣ್ಣ ಕೊಟ್ಟರೆ ಮಾತ್ರ ಕುಡಿಯುತ್ತೇನೆ ಅಂದಳು. ಹೊತ್ತು ಏರಿತು. ಬಿಸಿಲು ಜಗಲಿಯ ಅಂಚಿಗೆ ಬಂತು. ಪಕ್ಕದ ಸಿಪಾಯಿ ತನ್ನ ಹೆಲ್ಮೆಟ್ ತೆಗೆದು ಅವಳ ತಲೆಯ ಮೇಲಿಟ್ಟ. ಊಟದ ಹೊತ್ತು ಕಳೆದು ಬಿಸಿಲೂ ಇಳಿಯಿತು, ಮಗುವಿನ ತುಟಿ ಒಣಗಿ ಬೆಳ್ಳಗಾಯಿತು, ಆದರೂ ಒಡ್ಡಿದ ಬೊಗಸೆ ಇಳಿಯಲಿಲ್ಲ. ನನಗೆ ನಮ್ಮ ಮನೆಯಲ್ಲಿ ಕೂರಲಾಗಲಿಲ್ಲ. ಸಾರಿನ ಜಗಳ ಮರೆತು ರಸ್ತೆ ದಾಟಿದೆ. ಕುಮುದ ಬೆಡ್‌ಶೀಟಿನ ಹಿಂದೆ ಕೂತು ಅಳುತ್ತಿದ್ದಳು. ಅವಳು ಅಷ್ಟು ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ತುಂಗತ್ತೆ, ಇವಳು ನನ್ನ ಕೈಯಿಂದ ಏನೂ ಮುಟ್ತಿಲ್ಲ," ಅಂದಳು. "ನಾನೀಗ ಏನ್ ಮಾಡ್ಲಿ?"

"ನೀನು ಏನೂ ಮಾಡ್ಬೇಡ ಕಣೇ," ಅಂದೆ. "ಇಷ್ಟು ದಿನ ನೀನು ಮಾಡಿದ್ದೇ ಜಾಸ್ತಿ ಆಯ್ತು. ಎದ್ದು ಹೋಗಿ ಅವನನ್ನ ಕರಿ."

ಅವಳು ಮೂಗು ಒರೆಸಿಕೊಂಡು ಎದ್ದಳು. ಮೊದಲು ಆ ಬೆಡ್‌ಶೀಟನ್ನು ಎಳೆದು ಕಿತ್ತು ಬಿಸಾಡಿದಳು, ಬೀದಿಯವರು ಬೇಕಾದರೆ ನೋಡಲಿ ಅಂತ. ಆಮೇಲೆ ಒಳಗೆ ಹೋಗಿ ಸುಮುಖನ ಕೈಯಿಂದ ಮೊಬೈಲ್ ತೆಗೆದು ಪಕ್ಕಕ್ಕಿಟ್ಟು, ಅವನ ಎರಡೂ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬೆಳ್ಳಿ ಎಲ್ಲಿ ಅಂತ ಕೇಳಿದಳು. ಅಜ್ಜಿ ಮನೆಯಲ್ಲಿ ಅಲ್ಲವಾ ಅಂದ ಅವನು.

"ಬೆಳ್ಳಿ ಎಲ್ಲಿಗೂ ಹೋಗಿಲ್ಲ ಕಣೋ," ಅಂದಳು ಕುಮುದ. "ದಿನಾ ನಿನ್ನ ಪಕ್ಕದಲ್ಲೇ ಮಲಗ್ತಿದ್ದಾಳೆ. ಈಗ ಜಗಲಿ ಮೇಲೆ ಕೂತಿದ್ದಾಳೆ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ. ನೀನು ಕೊಟ್ರೇನೇ ಅಂತೆ."

ಸುಮುಖ ಹೊರಗೆ ಬಂದ. ದೀಪ ಹಚ್ಚುವ ಹೊತ್ತಾಗುತ್ತಿತ್ತು. ಗಾಳಿಯಲ್ಲಿ ಗಿರಣಿಯ ರಾಗಿಹಿಟ್ಟಿನ ವಾಸನೆ ಇತ್ತು. ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ, ಮತ್ತೆ ನೋಡಿದ. ಅವನಿಗೆ ಕಂಡದ್ದು ಬರೀ ಕೆಂಪು ನೆಲ. ಹಿಂದೆಂದೂ ನೋಡದ ಒಂದು ಹೆದರಿಕೆಯನ್ನು ನಾನು ಆ ಹುಡುಗನ ಮುಖದಲ್ಲಿ ನೋಡಿದೆ. ತಮಾಷೆ ಮಾಡುತ್ತಿದ್ದೀರಾ ಅಂತ ನಗಲು ಹೋದ, ನಗು ಬರಲಿಲ್ಲ. ಬೆಳ್ಳೀ ಅಂತ ಕರೆದ. ಅವಳು ಓ ಅಂದಳು, ಹೆಲ್ಮೆಟಿನ ಒಳಗಿನಿಂದ. ಅವನಿಗೆ ಕೇಳಲಿಲ್ಲ. ಅವನು ಇನ್ನೂ ಗಟ್ಟಿಯಾಗಿ ಕರೆದ. ಅವಳು ಇನ್ನೂ ಗಟ್ಟಿಯಾಗಿ ಓ ಅಂದಳು. ಅಯ್ಯೋ, ಆ ಎರಡು ಕೂಗುಗಳನ್ನು ಕೇಳಿಕೊಂಡು ನಿಲ್ಲುವುದು ಯಾರಿಂದಲೂ ಆಗುವ ಕೆಲಸವಲ್ಲ.

ಕುಮುದ ಚೊಂಬು ತಂದು ಅವನ ಕೈಗಿಟ್ಟು, ಈ ತುದಿಯಿಂದ ಹಾಕುತ್ತಾ ಹೋಗು ಅಂದಳು. ಅವನು ನಿಂತಲ್ಲಿಂದಲೇ ಗೋಡೆಯ ಬುಡಕ್ಕೆ ನೀರು ಹಾಕಿದ. ಮುದುಕ ದರೋಡೆಕೋರ ಬೊಗಸೆ ಮೇಲೆತ್ತಿದ, ಸಿಗಲಿಲ್ಲ, ನೀರು ನೆಲಕ್ಕೆ ಬಿದ್ದು ಅಂಗಳಕ್ಕೆ ಹರಿಯಿತು. ಇಲ್ಲಿ ಯಾರೂ ಇಲ್ಲಮ್ಮ ಅಂದ ಸುಮುಖ. ಕುಮುದಳ ಕೈ ತಾನಾಗಿ ಚೊಂಬಿನ ಕಡೆ ಚಾಚಿತು. ಅಷ್ಟು ದಿನದ ಅಭ್ಯಾಸ, ಕೊಡು ನಾನೇ ಹಾಕುತ್ತೇನೆ ಅನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿ ಇದ್ದದ್ದು ನನಗೆ ಕಂಡಿತು. ಆದರೆ ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು.

"ನಿಂತ್ಕೊಂಡು ಹಾಕಬೇಡ ಕಣೋ," ಅಂದಳು. "ಅವರು ಕೂತಿದ್ದಾರೆ. ನೀನೂ ಕೂತ್ಕೊ."

ಸುಮುಖ ಕುಕ್ಕರಗಾಲಿನಲ್ಲಿ ಕೂತ. ಚೊಂಬನ್ನು ನಿಧಾನವಾಗಿ ಬಗ್ಗಿಸಿದ. ನೀರು ನೆಲಕ್ಕೆ ಬೀಳಲಿಲ್ಲ. ಗಾಳಿಯಲ್ಲಿ ಗೇಣೆತ್ತರದಲ್ಲಿ ನಿಂತು, ಸ್ವಲ್ಪ ಸ್ವಲ್ಪವೇ ಇಲ್ಲವಾಯಿತು. ಅವನು ಬಗ್ಗಿ ನೋಡಿದ. ಇನ್ನೊಂದಿಷ್ಟು ಹಾಕಿದಾಗ ಅವನಿಗೆ ಉಗುರು ಸೀಳಿದ ಎರಡು ಕೈಗಳು ಕಂಡವು, ಆಮೇಲೆ ಮಣಿಕಟ್ಟು, ಆಮೇಲೆ ನರೆತ ಗಡ್ಡದಿಂದ ಇಳಿಯುವ ನೀರು. ಮುದುಕ ಬಾಯಿ ಒರೆಸಿಕೊಂಡು, ಮೊಣಕಾಲ ಮೇಲೆ ಕೈಯೂರಿ ಎದ್ದ. ಅಷ್ಟು ಕಾಲ ಕೂತವನಿಗೆ ಕಾಲು ಜೋಮು ಹಿಡಿದಿತ್ತು. ಸುಮುಖ ಅವನ ತೋಳು ಹಿಡಿದು ನಿಲ್ಲಿಸಿದ. ಬಾಯಲ್ಲಿ ಏನೋ ಅಂದ, ನನಗೆ ಕೇಳಿಸಲಿಲ್ಲ, ಮುದುಕನಿಗೆ ಕೇಳಿಸಿತು.

ಬೆಳ್ಳಿಯ ಹತ್ತಿರ ನೇರವಾಗಿ ಹೋಗಿ ಹಾಕು ಅಂತ ಕುಮುದ ಅಂಗಲಾಚಿದಳು. ಅವನು ಹೋದ, ಹಾಕಿದ, ಆದರೆ ಆ ಜಾಗ ಎಲ್ಲಿ ಅಂತ ತಿಳಿಯದೆ ಗೋಡೆಗೆ ಹಾಕಿದ. ಕಾಣದವರಿಗೆ ಕೊಡುವುದನ್ನು ಅವನು ಇನ್ನೂ ಕಲಿಯಬೇಕಿತ್ತು. ತಿರುಗಿ ಬಂದು ಸಾಲಿನಲ್ಲೇ ಶುರುಮಾಡಿದ. ಹಿತ್ತಲಿನವರು, ತಾರಸಿಯವರು ಸದ್ದಿಲ್ಲದೆ ಬಂದು, ತಮ್ಮ ತಮ್ಮ ಬಂದೂಕು ಹೆಗಲಿಗೇರಿಸಿಕೊಂಡು ಅಂಗಳದಲ್ಲಿ ನಿಂತರು. ಅವರಿಗೂ ಬಾಯಾರಿಕೆ ಇತ್ತು, ಆದರೂ ಒಬ್ಬರೂ ಮುಂದೆ ನುಗ್ಗಲಿಲ್ಲ, ಆ ಕೊನೆಯ ಮಗುವಿಗೆ ಮೊದಲು ಸಿಗಲಿ ಅಂತ. ಮನೆಯ ಸಂಪಿನಲ್ಲಿ ನೀರು ಖಾಲಿಯಾಯಿತು. ನಾನು ನಮ್ಮ ಮನೆಯಿಂದ ಕೊಡ ತಂದೆ, ನನ್ನನ್ನು ನೋಡಿ ಬೀದಿಯವರೂ ತಂದರು. ಇಂದುಧರನ ತಾಯಿಯೂ ಒಂದು ಕೊಡ ತಂದು ಬಾಗಿಲ ಒಳಗಿಟ್ಟು, ಯಾರ ಮುಖವನ್ನೂ ನೋಡದೆ ಹೋದಳು. ಬೀದಿದೀಪ ಹತ್ತಿತು. ಒಬ್ಬೊಬ್ಬರಾಗಿ ಎದ್ದು ಬಂದೂಕು ಹುಡುಕಿಕೊಂಡು ಗಿರಣಿಯ ಕಡೆ ನಡೆಯುತ್ತಿದ್ದರು. ಸುಮುಖ ಬೊಗಸೆಯಿಂದ ಬೊಗಸೆಗೆ ಕೂತುಕೊಂಡೇ ಸರಿಯುತ್ತಿದ್ದ. ಈಗ ಅವನಿಗೆ ಹಾಕುವ ಮುಂಚೆಯೇ ಕೈಗಳು ಕಾಣುತ್ತಿದ್ದವು.

ಕೊನೆಗೆ ಜಗಲಿಯಲ್ಲಿ ಬೆಳ್ಳಿಯ ಪಕ್ಕದ ಆ ಸಿಪಾಯಿ ಒಬ್ಬ ಉಳಿದ. ಅವನು ಕುಡಿದ. ಕುಡಿದವನು ಏಳದೆ, ಕಣ್ಣಿನಿಂದ ತನ್ನ ಪಕ್ಕ ತೋರಿಸಿದ. ಸುಮುಖನಿಗೆ ಅಲ್ಲಿ ಗೋಡೆ ಮಾತ್ರ ಕಂಡಿತು. ಅವನು ಮೆಟ್ಟಿಲ ಕಡೆ ನೋಡಿದ. ಬಂದೂಕುಗಳು ಒಂದೊಂದಾಗಿ ಹೋಗಿದ್ದರಿಂದ ಅಲ್ಲಿ ಈಗ ಒಂದು ಬಂದೂಕು ಮತ್ತು ಒಂದು ಜೊತೆ ಚಪ್ಪಲಿ ಇತ್ತು, ಚಿಟ್ಟೆ ಚಿತ್ರದ್ದು. ಅದರ ಎಡಗಾಲಿನ ಪಟ್ಟಿ ಕಿತ್ತಾಗ ಅವನೇ ಪಿನ್ನು ಹಾಕಿಕೊಟ್ಟಿದ್ದ. ಪಿನ್ನು ಬೀದಿದೀಪಕ್ಕೆ ಹೊಳೆಯುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಆ ದೊಡ್ಡ ಹುಡುಗ ಬಿಕ್ಕಿ ಅತ್ತ. ಅಳುತ್ತಲೇ ಚೊಂಬು ಬಗ್ಗಿಸಿದ. ನೀರು ನೆಲಕ್ಕೆ ಬೀಳಲಿಲ್ಲ. ಗುಟುಕು ಗುಟುಕಾಗಿ ಇಳಿಯುವ ಸದ್ದು ಮೊದಲು ಬಂತು, ಆಮೇಲೆ ಅರ್ಧ ಕಿತ್ತುಹೋದ ಉಗುರು ಬಣ್ಣ, ಆಮೇಲೆ ಮೂಗಿನವರೆಗೆ ಇಳಿದ ಹೆಲ್ಮೆಟ್.

ಸುಮುಖ ಹೆಲ್ಮೆಟನ್ನು ಮೇಲಕ್ಕೆ ಸರಿಸಿದ. "ಯಾವಾಗ ಬಂದೆ ನೀನು?" ಅಂದ.

"ನಾನು ಹೋಗೇ ಇರ್ಲಿಲ್ಲ," ಅಂದಳು ಬೆಳ್ಳಿ. "ಇನ್ನೊಂಚೂರು ಹಾಕು."

ಚೊಂಬು ಖಾಲಿಯಾಗಿತ್ತು. ನೀರಿನ ಕೊಡ ಬಾಗಿಲ ಒಳಗಿತ್ತು. ಕುಮುದ ತರಲು ಹೋಗಲಿಲ್ಲ, ನಾನೂ ಹೋಗಲಿಲ್ಲ. ಸುಮುಖ ಎದ್ದ, ಆದರೆ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ. ತಿರುಗಿ ಬರುವಷ್ಟರಲ್ಲಿ ಅವಳು ಮತ್ತೆ ಕಾಣದೆ ಹೋದರೆ? ತಂಗಿಯ ಮೇಲಿಟ್ಟ ಕಣ್ಣು ತೆಗೆಯದೆ, ಚೊಂಬನ್ನು ಎದೆಗವಚಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬಾಗಿಲ ಕಡೆ ಹೋದ. ಅವನ ಹಿಮ್ಮಡಿ ಹೊಸ್ತಿಲಿಗೆ ತಾಗುವುದರಲ್ಲಿತ್ತು.

"ಅಣ್ಣಾ, ಹಿಂದೆ!" ಅಂತ ಬೆಳ್ಳಿ ಕೂಗಿದಳು.

ಅವನಿಗೆ ಕೇಳಿಸಿತು. ಕಾಲೆತ್ತಿ ಹೊಸ್ತಿಲು ದಾಟಿದ.